ಮಗ್ಗದ ಕೆಳಗಿನ ಒತ್ತು

ಮಳೆಗಾಲದ ಮೊದಲ ವಾರಗಳಲ್ಲಿ ನಮ್ಮ ಕುಂದಾಪುರದಲ್ಲಿ ಒಗೆದ ಬಟ್ಟೆ ಒಣಗಿತು ಎಂದು ಯಾರೂ ಧೈರ್ಯವಾಗಿ ಹೇಳಲಾರರು. ಮೊನ್ನೆ ಹಾಗೆ ಅರೆ ಒಣಗಿದ ಒಂದು ಚೌಕುಳಿ ಬೈರಾಸನ್ನು, ಎಂದರೆ ಮೈಯೊರೆಸುವ ಬಟ್ಟೆಯನ್ನು, ಮಡಚಿ ಬರೆಯುವ ಮೇಜಿನ ಮೇಲೆ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಅದರಿಂದ ತೆಳುವಾದ ಗಂಜಿಯ ವಾಸನೆ ಎದ್ದಿತು. ಕೈಮಗ್ಗದ ನೂಲಿಗೆ ಗಂಜಿ ಹಾಕುತ್ತಾರೆಂಬುದು ನಿಮಗೂ ಗೊತ್ತಿರಬಹುದು. ಹತ್ತು ವರ್ಷ ಒಗೆದ ಮೇಲೂ ಆ ವಾಸನೆ ಉಳಿಯುತ್ತದೆಯೇ, ಅಥವಾ ಅದು ನನ್ನ ಮೂಗಿನಲ್ಲಿ ಮಾತ್ರ ಉಳಿದಿದೆಯೇ ಎಂಬುದನ್ನು ನಾನು ಇನ್ನೂ ನಿರ್ಧರಿಸಿಲ್ಲ.

ಬೈರಾಸಿನ ಅಡಿಯಲ್ಲಿ ಒಂದು ಪತ್ರವಿದೆ. ಬಂದು ಒಂಬತ್ತು ದಿನಗಳಾದವು. ಬಂದ ಪತ್ರಕ್ಕೆ ಮೂರನೆಯ ದಿನ ಉತ್ತರ ಬರೆದು, ಬರೆದ ದಿನವನ್ನು ಒಂದು ಪುಸ್ತಕದಲ್ಲಿ ಗುರುತಿಸಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಈ ಪತ್ರ ಮಾತ್ರ ಹಾಗೆಯೇ ಬಿದ್ದಿದೆ. ಬರೆದವರು ನನಗೆ ಪರಿಚಯವಿಲ್ಲದ ಒಬ್ಬ ಸಂಶೋಧಕರು. ಕರಾವಳಿಯ ಕೈಕಸುಬುಗಳ ಕುರಿತ ನನ್ನ ಜಾಲತಾಣವನ್ನು ಅವರು ಓದಿದ್ದಾರೆ, ಮೆಚ್ಚಿದ್ದಾರೆ, ಕೊನೆಗೆ ಒಂದು ಸಾಲು ಸೇರಿಸಿದ್ದಾರೆ: ‘ತಮ್ಮ ತಾಣದಲ್ಲಿ ಪ್ರತಿಯೊಂದು ಉಪಕರಣದ ಮುಂದೆಯೂ ಇಸವಿ ಇದೆ. ಬ್ರಹ್ಮಾವರದ ಒಂದು ಮಗ್ಗದ ಮುಂದೆ ಮಾತ್ರ ಇಲ್ಲ. ಅದು ಕಣ್ತಪ್ಪಾಗಿರಬೇಕು, ದಯವಿಟ್ಟು ತಿಳಿಸಿ.’

ಕಣ್ತಪ್ಪು ಎಂಬ ಆ ಪದವನ್ನು ಎರಡು ಸಲ ಓದಿದೆ. ಕಣ್ತಪ್ಪು ಆದದ್ದು ನಿಜ. ಅದು ಇಸವಿ ಇಲ್ಲದಾಗ ಆದದ್ದಲ್ಲ, ಇದ್ದಾಗ ಆದದ್ದು.

ಮೊದಲಿಂದ ಹೇಳುತ್ತೇನೆ. ನಾನು ನಿವೃತ್ತನಾದದ್ದು ೧೯೯೭ರಲ್ಲಿ. ಇದನ್ನು ನಿವೃತ್ತಿಯ ಆದೇಶದೊಡನೆ ಈಗಷ್ಟೇ ತಾಳೆ ನೋಡಿದ್ದೇನೆ. ಕೈಯಲ್ಲಿ ಕೆಲಸವಿಲ್ಲದವನ ಕಳವಳ ಒಂದು ಬಗೆಯದು. ಅದನ್ನು ತಡೆಯಲಾರದೆ ನಾನು ಬೈಂದೂರಿನಿಂದ ಬ್ರಹ್ಮಾವರದವರೆಗೆ ಬಸ್ಸಿನಲ್ಲಿ ಓಡಾಡಿ, ಹಳೆಯ ಕಸುಬುಗಳ ಉಪಕರಣಗಳ ಹೆಸರು, ಅಳತೆ, ಇಸವಿಗಳನ್ನು ಗುರುತು ಹಾಕಿಕೊಳ್ಳತೊಡಗಿದೆ. ಯಾವುದೇ ಇಸವಿಗೆ ಮೂರು ಆಧಾರ ಸಿಗದೆ ನಾನು ಶಾಯಿಯಲ್ಲಿ ಬರೆಯುತ್ತಿರಲಿಲ್ಲ. ಎರಡು ಸಿಕ್ಕರೆ ಪೆನ್ಸಿಲು. ನನ್ನ ಹೆಂಡತಿ ಬದುಕಿದ್ದಾಗ, ನಮ್ಮ ಮದುವೆಯ ಇಸವಿಯನ್ನು ನಾನು ಯಾವುದರಲ್ಲಿ ಬರೆದಿದ್ದೇನೆಂದು ಬಂದವರ ಮುಂದೆ ಕೇಳುವುದಿತ್ತು.

ಹೀಗೆ ಅಲೆಯುವಾಗ ಬ್ರಹ್ಮಾವರದ ಒಂದು ಓಣಿಯಲ್ಲಿ ಕಮಲಾವತಿಯವರ ಪರಿಚಯವಾಯಿತು. ಕಮಲಾವತಿ ಎಂಬುದು ಅವರ ನಿಜವಾದ ಹೆಸರಲ್ಲ. ಆದರೆ ನಿಜವಾದ ಹೆಸರಿನಲ್ಲಿಯೂ ಒಂದೂ ಒತ್ತಕ್ಷರವಿಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ, ಆದ್ದರಿಂದ ಹೇಳಿದೆ. ಆಗ ಅವರಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದೊಡನೆ ಇದ್ದುಕೊಂಡು, ಮನೆಯ ಪಡಸಾಲೆಯಲ್ಲಿ ನೇಯುತ್ತಿದ್ದರು. ಅದು ಗುಳಿಮಗ್ಗ. ನೆಲದಲ್ಲಿ ಸೊಂಟದಾಳದ ಗುಳಿ ತೋಡಿರುತ್ತಾರೆ. ನೇಯುವವರು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಗುಳಿಗೆ ಇಳಿಬಿಟ್ಟು ಮೆಟ್ಟುಹಲಗೆ ತುಳಿಯುತ್ತಾರೆ. ಬಾಗಿಲಲ್ಲಿ ನಿಂತವನಿಗೆ ಓಡುವ ಲಾಳಿಯೂ ಆಡುವ ಕೈಯೂ ಮಾತ್ರ ಕಾಣುತ್ತವೆ. ಕಾಲುಗಳ ಕೆಲಸ ಕಾಣುವುದಿಲ್ಲ.

“ಬನಿ ಬನಿ, ಕೂಕಣಿ ಮಾಷ್ಟ್ರೆ,” ಎಂದರು. ನಾನು ಮಾಷ್ಟ್ರಲ್ಲ ಎಂದೆ. “ಪುಸ್ತಕ ಹಿಡ್ಕಂಡ್ ಪ್ರಶ್ನೆ ಕೇಂಬವ್ರೆಲ್ಲ ಮಾಷ್ಟ್ರೇ,” ಎಂದು ಲಾಳಿ ಓಡಿಸಿದರು. ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದರು. ಮಗ್ಗವನ್ನು ಯಾವ ವರ್ಷ ಕೊಂಡದ್ದೆಂದೂ ಹೇಳಿದರು. ನಾನು ಏಳುವಾಗ ಮಾತ್ರ ಕೈ ನಿಲ್ಲಿಸಿ, “ಹೆಸ್ರ್ ಬೇಕಾರೆ ಹಾಕಿ. ಇಸವಿ ಮಾತ್ರ ಹಾಕ್ಬ್ಯಾಡಿ, ಅಕಾ?” ಎಂದರು.

ಎಲ್ಲರೂ ಹೆಸರು ಬೇಡವೆನ್ನುತ್ತಾರೆ. ಇಸವಿ ಬೇಡವೆಂದವರನ್ನು ನಾನು ಕಂಡಿರಲಿಲ್ಲ. ವಯಸ್ಸು ಮುಚ್ಚುವ ಸಂಕೋಚವಿರಬೇಕೆಂದು ಒಳಗೊಳಗೇ ನಕ್ಕು, ‘ಇಸವಿ ಬೇಡವೆಂದರು’ ಎಂದು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಆ ಸಾಲು ಈಗಲೂ ಇದೆ. ಶಾಯಿಯಲ್ಲಿದೆ.

ಎಂಟು ವರ್ಷಗಳ ಮೇಲೆ, ೨೦೦೫ರಲ್ಲಿ, ಈ ಸಾಮಗ್ರಿಯನ್ನೆಲ್ಲ ಜಾಲತಾಣದಲ್ಲಿ ಹಾಕಬಹುದೆಂದು ನನಗೆ ತೋರಿಸಿಕೊಟ್ಟವರು ಶೈಲಜಾ. ಕುಂದಾಪುರ ಪೇಟೆಯಲ್ಲಿ, ಒಂದು ಮಹಡಿಯ ಮೇಲೆ ಅವರ ಕಂಪ್ಯೂಟರ್ ಕೇಂದ್ರವಿತ್ತು. ಬೆಳಿಗ್ಗೆ ತರಬೇತಿ, ಮಧ್ಯಾಹ್ನ ಲಗ್ನಪತ್ರಿಕೆಗಳ ಅಕ್ಷರಜೋಡಣೆ, ನಡುನಡುವೆ ಎರಡು ಮಕ್ಕಳ ಶಾಲೆಯ ಜಗಳ. ಜಾಲಪುಟ ಕಟ್ಟುವ ವಿದ್ಯೆಯನ್ನು ಆಕೆ ತಾನೇ ಓದಿ ಕಲಿತಿದ್ದರು. ಕಲಿಸುವ ರೀತಿಯೂ ಅವರದೇ.

“ಕಾಣಿ ಸರ್, ಪೇಜ್ ಅಂದ್ರೆ ಎಲ್ಲ ಡಬ್ಬಿ. ಅಕ್ಷರಕ್ಕೊಂದ್ ಡಬ್ಬಿ, ಚಿತ್ರಕ್ಕೊಂದ್ ಡಬ್ಬಿ. ನಿಮ್ಮನಿ ಪಾಗಾರ ಇತ್ತಲೆ, ಅದ್ ಬಾರ್ಡರ್. ಪಾಗಾರದ ಒಳ್ಗಿನ ಅಂಗಳ ಪ್ಯಾಡಿಂಗ್. ಹೊರ್ಗಿನ ಓಣಿ ಮಾರ್ಜಿನ್.”

“ಓಣಿ ಯಾರದ್ದು? ನನ್ನದೋ, ಎದುರು ಮನೆಯವರದ್ದೋ?” ಎಂದೆ. ಗಡಿಯ ಪ್ರಶ್ನೆಗಳನ್ನು ನಾನು ಬಿಡುವವನಲ್ಲ.

“ಇಬ್ರೂ ಜಾಗ ಬಿಟ್ಟಿರ್ತ್ರ್. ಆದ್ರೆ ಮೇಲೊಂದ್ ಕೆಳ್ಗೊಂದ್ ಡಬ್ಬಿ ಕೂತ್ರೆ, ಎರ್ಡ್ ಓಣಿ ಸೇರಿ ಒಂದೇ ಓಣಿ ಆತ್ತ್. ಯಾರ್ದ್ ದೊಡ್ಡದೋ ಅದ್ ಮಾತ್ರ ಉಳಿತ್ತ್.”

ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಎಳೆಯುವ ವ್ಯಾಜ್ಯ ಇಲ್ಲಿ ಒಂದು ನಿಯಮದಲ್ಲಿ ಮುಗಿದುಹೋಗುವುದನ್ನು ಕಂಡು ನಾನು ಬೆರಗಾದೆ. ಇನ್ನೂ ಬೆರಗಾದದ್ದು ಬೇರೊಂದಕ್ಕೆ. ಬರಹ ಒಂದು ಕಡತದಲ್ಲಿರುತ್ತದೆ; ಅದರ ಉಡುಗೆಯೆಲ್ಲ, ಎಂದರೆ ಬಣ್ಣ, ಅಳತೆ, ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂಬ ಆಜ್ಞೆಗಳು, ಸಿಎಸ್‌ಎಸ್ ಎಂಬ ಇನ್ನೊಂದು ಕಡತದಲ್ಲಿರುತ್ತವೆ. ಬರಹವನ್ನು ಮುಟ್ಟದೆ ಉಡುಗೆಯನ್ನು ಬದಲಿಸಬಹುದು. ಅಡಿಟಿಪ್ಪಣಿಗಳಲ್ಲಿ ಬದುಕು ಕಳೆದ ನನಗೆ ಇದಕ್ಕಿಂತ ಸಭ್ಯವಾದ ವ್ಯವಸ್ಥೆ ಬೇರೆ ಕಂಡಿಲ್ಲ. ಉಡುಗೆ ಬದಲಾದರೆ ಬರಹಕ್ಕೆ ಏನೂ ಆಗದು ಎಂದು ನಂಬಿದೆ. ಆ ನಂಬಿಕೆಯನ್ನು ಇಲ್ಲಿ ಗುರುತಿಸಿಟ್ಟುಕೊಳ್ಳಿ.

ಒಂದೊಂದು ಉಪಕರಣಕ್ಕೆ ಒಂದೊಂದು ಚೌಕ: ಮೇಲೆ ಶೀರ್ಷಿಕೆ, ಕೆಳಗೆ ಚಿತ್ರ. ಚೌಕಗಳನ್ನು ಶೈಲಜಾ ಎಡಕ್ಕೆ ‘ತೇಲಿಸಿ’ ಸಾಲಿಗೆ ಮೂರರಂತೆ ನಿಲ್ಲಿಸಿದರು. ಶೀರ್ಷಿಕೆಯಲ್ಲಿ ಉಪಕರಣದ ಹೆಸರು, ಅಲ್ಪವಿರಾಮ, ಇಸವಿ. ಆ ಮಗ್ಗದ ಶೀರ್ಷಿಕೆ ‘ಕಮಲಾವತಿಯ ಮಗ್ಗ’ ಎಂದಿತ್ತು, ಪಕ್ಕದಲ್ಲಿ ನಾಲ್ಕು ಅಂಕೆಗಳು. ಹೌದು, ನಾನು ಹಾಕಿದೆ. ಮಗ್ಗವೊಂದರ ಇಸವಿಯಿಂದ ಯಾರಿಗೆ ಏನಾಗುತ್ತದೆ, ಒಂದು ಜಾಗ ಮಾತ್ರ ಖಾಲಿ ಬಿಟ್ಟರೆ ಪಟ್ಟಿಯ ಮರ್ಯಾದೆ ಏನಾಗುತ್ತದೆ ಎಂದು ವಾದ ಹೂಡಿಕೊಂಡೆ. ವಾದಿಯೂ ನಾನೇ, ನ್ಯಾಯಾಧೀಶನೂ ನಾನೇ. ತೀರ್ಪು ಬೇಗ ಬಂತು.

ಶೀರ್ಷಿಕೆಗೂ ಚಿತ್ರಕ್ಕೂ ನಡುವೆ ಜಾಗ ಹೆಚ್ಚಾಯಿತೆಂಬುದು ನನ್ನ ಇನ್ನೊಂದು ತಕರಾರು. ಮನೆಯಿಂದ ಸ್ಕೇಲು ಒಯ್ದು ಗಾಜಿನ ಪರದೆಗೆ ಒತ್ತಿ ಹಿಡಿದು ಅಳೆದೆ. ಇಸವಿಗಳು ಚಿತ್ರಕ್ಕೆ ಅಂಟಿದಂತೆ ಒಂದೇ ಗೆರೆಯಲ್ಲಿ ನಿಲ್ಲಬೇಕು ಎಂದೆ. ಶೈಲಜಾ ನಿಟ್ಟುಸಿರು ಬಿಟ್ಟು, ಶೀರ್ಷಿಕೆಯ ಡಬ್ಬಿಗೆ ಇಷ್ಟೇ ಎತ್ತರ ಎಂದು ಒಂದು ಸಾಲು ಬರೆದರು. ಪರದೆಯಲ್ಲಿ ಏನೂ ಬದಲಾಗಲಿಲ್ಲ. ಬೇರೆ ಯಾವುದೋ ಓಣಿಯನ್ನು ಕಿರಿದು ಮಾಡಿದರು, ನನಗೆ ಸಮಾಧಾನವಾಯಿತು. ಆ ಎತ್ತರದ ಸಾಲನ್ನು ಅಳಿಸಲು ಇಬ್ಬರೂ ಮರೆತೆವು. ಕೆಲಸಕ್ಕೆ ಬಾರದ ಸಾಲು ಇದ್ದರೇನು, ಹೋದರೇನು?

ಎರಡು ವರ್ಷ ಅದು ಸುಮ್ಮನಿತ್ತು.

೨೦೦೭ರ ಒಂದು ಬೆಳಿಗ್ಗೆ ಕಮಲಾವತಿಯವರ ತಮ್ಮನ ಫೋನು. ಈ ತಮ್ಮನ ಮಗಳು ರೇವತಿಗೆ ನಾವುಂದದ ಒಂದು ಬಟ್ಟೆ ಅಂಗಡಿಯವರ ಮನೆಯಿಂದ ಸಂಬಂಧ ಕೂಡಿಬಂದಿತ್ತೆಂದೂ, ದಿನ ನಿಶ್ಚಯವಾಗುವುದೊಂದೇ ಬಾಕಿಯೆಂದೂ ನಾನು ಮೊದಲೇ ಕೇಳಿದ್ದೆ.

“ಹ್ವಾಯ್, ಮಾಷ್ಟ್ರಾ? ನೀವ್ ನಮ್ಮಕ್ಕನ್ ಬಗ್ಗೆ ಎಂತ ಬರ್ದದ್ದ್?” ಎಂದರು. ಸ್ವರದಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. “ನಾವುಂದದವ್ರ್ ಮಾತ್ ನಿಲ್ಸೀರ್. ಅವ್ರ ಪೈಕಿ ಯಾರೋ ಬೊಂಬಾಯಂಗೆ ಕಂಪ್ಯೂಟ್ರಂಗೆ ಕಂಡ್ರಂಬ್ರ್. ಇಸವಿ ಸಮೇತ ಇತ್ತಂಬ್ರ್.”

“ಏನು ಕಂಡರಂತೆ?”

“ಅದ್ ಬಾಯಂಗೆ ಹೇಳುವಂಥದ್ದಲ್ಲ ಮಾರಾಯ್ರೆ. ಅವ್ರ ನಂಬರ್ ಕೊಡ್ತೆ, ನೀವೇ ಮಾತಾಡಿ.”

ನನಗೆ ಕೇಳಿಸಿದ್ದು ‘ಇಸವಿ’ ಎಂಬ ಒಂದೇ ಪದ. ಇಸವಿಯಲ್ಲಿ ತಪ್ಪಿದ್ದೇನೆ! ಟಿಪ್ಪಣಿ ಪುಸ್ತಕ ತೆಗೆದೆ. ಮಗ್ಗ ಕೊಂಡ ಚೀಟಿ, ಗುಳಿ ತೋಡಿದವರ ಮಾತು, ಮನೆಯ ಮಾಡು ಬದಲಿಸಿದ ವರ್ಷದ ಲೆಕ್ಕ: ಮೂರೂ ಒಂದೇ ಇಸವಿಯನ್ನು ಹೇಳುತ್ತಿದ್ದವು. ತಪ್ಪಿರಲಿಲ್ಲ. ಅಂಚಿನಲ್ಲಿದ್ದ ‘ಇಸವಿ ಬೇಡವೆಂದರು’ ಎಂಬ ಸಾಲೂ ಕಣ್ಣಿಗೆ ಬಿತ್ತು. ಪುಟ ಮಗುಚಿದೆ.

ಬಿಡುಗಡೆಯಾದವನ ಹುರುಪಿನಲ್ಲಿ ನಾವುಂದಕ್ಕೆ ಫೋನು ಮಾಡಿದೆ. ಒಬ್ಬ ಮುದುಕಿ ಎತ್ತಿಕೊಂಡರು. ನನ್ನ ಪರಿಚಯ ಕೇಳಿ, “ಹಾಂಗಾರೆ ಅದ್ರಂಗೆ ಇಪ್ಪುದ್ ಹೌದಾ?” ಎಂದರು.

“ಅಕ್ಷರಶಃ ಸತ್ಯ ಅಮ್ಮ,” ಎಂದೆ. “ಇಸವಿಗೆ ಮೂರು ಆಧಾರಗಳಿವೆ. ಯಾವಾಗ ಬೇಕಾದರೂ ತೋರಿಸುತ್ತೇನೆ.”

“ಮೂರ್ ಆಧಾರ,” ಎಂದರು ಅವರು ಮೆಲ್ಲಗೆ. “ಆಯ್ತ್.” ಫೋನು ಇಟ್ಟರು.

ಓದುಗರೇ, ಆ ದಿನ ನಾನು ನೆಮ್ಮದಿಯಿಂದ ಊಟ ಮಾಡಿದೆ.

ಮಾರನೆಯ ದಿನ ಮತ್ತೆ ತಮ್ಮನ ಫೋನು. ಈ ಸಲ ಸ್ವರದಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅದು ನನ್ನನ್ನು ಹೆಚ್ಚು ಹೆದರಿಸಿತು. “ಸಂಬಂಧ ಮುರಿತ್ ಮಾಷ್ಟ್ರೆ. ನೀವೇ ಆಧಾರ ಇತ್ತ್ ಅಂದ್ರಿಯಂಬ್ರಲೆ,” ಎಂದಷ್ಟೇ ಹೇಳಿದರು.

ಶೈಲಜಾರ ಕೇಂದ್ರಕ್ಕೆ ಓಡಿದೆ. ಅಲ್ಲಿಯ ಕಂಪ್ಯೂಟರುಗಳಲ್ಲಿ ಪುಟ ಹಿಂದಿನಂತೆಯೇ ಇತ್ತು, ತಪ್ಪೇ ಇಲ್ಲ. ಒಂದೊಂದು ಅಂಕೆಯನ್ನೂ ಬೆರಳಿಟ್ಟು ಓದಿದೆವು. ಶೈಲಜಾ ಕೊನೆಗೆ, “ಅವ್ರ್ ಕಂಡದ್ ಬೊಂಬಾಯಂಗೆ ಅಲ್ದಾ ಸರ್? ಅಲ್ಲಿ ಹೊಸ ಕಂಪ್ಯೂಟರ್ ಆಯಿಕ್ಕ್. ಬನಿ, ಹೊಸತ್ರಂಗೆ ಕಾಂಬ,” ಎಂದು, ಬಸ್ ನಿಲ್ದಾಣದ ಹತ್ತಿರ ಆಗಷ್ಟೇ ತೆರೆದಿದ್ದ ಒಂದು ಇಂಟರ್‌ನೆಟ್ ಅಂಗಡಿಗೆ ನನ್ನನ್ನು ಕರೆದೊಯ್ದರು. ಪುಟ ತೆರೆಯಿತು. ನಾನು ಬಾಗಿ ನೋಡಿದೆ.

“ಇಸವಿ ಸರಿಯಾಗಿಯೇ ಇದೆ,” ಎಂದೆ.

ತಿರುಗಿ ನೋಡಿದರೆ ಶೈಲಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. “ಸರ್, ಇಸವಿ ಬಿಡಿ. ಅದ್ರ ಎಡ್ಗಡಿ ಓದಿ.”

ಓದಿದೆ. ‘ಕಮಲಾವತಿಯ ಮಗ’ ಎಂದಿತ್ತು. ಅಲ್ಪವಿರಾಮ. ನಾಲ್ಕು ಅಂಕೆಗಳು.

ಗಕಾರದ ಕೆಳಗಿನ ಒತ್ತು ಇರಲಿಲ್ಲ. ಜಾಲಪುಟ ತೋರಿಸುವ ಹಳೆಯ ಬ್ರೌಸರು ದಾಕ್ಷಿಣ್ಯದ್ದು; ನಾವು ಎತ್ತರ ಇಷ್ಟೇ ಎಂದು ಬರೆದಿದ್ದರೂ ಅಕ್ಷರ ಹಿಡಿಸದಿದ್ದಾಗ ಡಬ್ಬಿಯನ್ನು ತಾನಾಗಿ ಹಿಗ್ಗಿಸುತ್ತಿತ್ತು. ಹೊಸದು ಹೇಳಿದ ಮಾತನ್ನು ಹೇಳಿದಷ್ಟೇ ಕೇಳಿತು. ಡಬ್ಬಿ ಕುಗ್ಗಿತು, ಕೆಳಗಿದ್ದ ಚಿತ್ರ ಮೇಲೆ ಸರಿಯಿತು, ಶೀರ್ಷಿಕೆಯ ಕೆಳಭಾಗ ಚಿತ್ರದ ಹಿಂದೆ ಮರೆಯಾಯಿತು. ಕನ್ನಡದಲ್ಲಿ ಗೆರೆಯ ಕೆಳಗೆ ಇರುವುದೇನು? ಒತ್ತು. ಮಗ್ಗದ ಚಿತ್ರವೇ ‘ಮಗ್ಗ’ ಎಂಬ ಮಾತಿನ ಒತ್ತನ್ನು ನುಂಗಿತ್ತು. ಪಕ್ಕದ ಚೌಕಗಳಲ್ಲಿ ‘ಬುಟ್ಟಿ’ ‘ಬುಟಿ’ಯಾಗಿತ್ತು, ‘ಸುತ್ತಿಗೆ’ ‘ಸುತಿಗೆ’ಯಾಗಿತ್ತು. ಅವುಗಳನ್ನು ಕಂಡವರು ಅಚ್ಚಿನ ತಪ್ಪೆಂದು ನಗುತ್ತಾರೆ. ಮಗ್ಗಕ್ಕೆ ಮಾತ್ರ, ಒತ್ತು ಹೋದ ಮೇಲೂ, ಅರ್ಥ ಉಳಿದಿತ್ತು. ಮದುವೆಯಾಗದ ಹೆಂಗಸೊಬ್ಬರಿಗೆ ನಾನು ಒಬ್ಬ ಮಗನನ್ನು ಕೊಟ್ಟಿದ್ದೆ. ಹುಟ್ಟಿದ ಇಸವಿಯನ್ನೂ ಕೊಟ್ಟಿದ್ದೆ. ಕೇಳಿದವರಿಗೆ ಮೂರು ಆಧಾರಗಳಿವೆ ಎಂದಿದ್ದೆ.

ಶೈಲಜಾ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ. ಕೇಂದ್ರಕ್ಕೆ ಹಿಂದಿರುಗಿ ಆಕೆ ಆ ಸಾಲನ್ನು ಅಳಿಸಿದರು. “ಎತ್ರ ಅಂತ ಹೇಳುದೇ ಬ್ಯಾಡ ಸರ್. ಅಕ್ಷರಕ್ಕೆ ಎಷ್ಟ್ ಬೇಕೋ ಅದೇ ತಕಂತ್ತ್,” ಎಂದರು. ಅಷ್ಟು ಸಣ್ಣ ಕೆಲಸ. ಆದರೆ ಕಂಡವರ ಕಣ್ಣಿನಿಂದ ಅಳಿಸುವ ಗುಂಡಿ ಆ ಕೀಲಿಮಣೆಯಲ್ಲಿ ಇರಲಿಲ್ಲ.

ತಪ್ಪಿದ ಪುಟ, ತಿದ್ದಿದ ಪುಟ ಎರಡನ್ನೂ ಮುದ್ರಿಸಿಕೊಂಡು ನಾನು ಮರುದಿನವೇ ನಾವುಂದಕ್ಕೆ ಹೊರಟೆ. ಹೊರಡುವ ಮೊದಲು ಬ್ರಹ್ಮಾವರಕ್ಕೆ ಫೋನು ಮಾಡಿ ಕಮಲಾವತಿಯವರಿಗೆ ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿ, “ನಾನೂ ಬತ್ತೆ. ರೇವತಿಯೂ ಬತ್ಲ್. ಕುಂದಾಪ್ರ ಬಸ್‌ಸ್ಟ್ಯಾಂಡಂಗೆ ನಿಲ್ಲಿ,” ಎಂದರು. ಮದುಮಗಳನ್ನು ಗಂಡಿನ ಮನೆಗೆ ಹೀಗೆ ಕರೆದೊಯ್ಯುವುದುಂಟೇ ಎಂದು ಅಳುಕುತ್ತ ಕೇಳಿದೆ. “ಅವ್ಳ್ ಮದಿ ಅಲ್ದಾ? ಅವ್ಳೂ ಕೇಣ್ಲಿ.”

ಕುಂದಾಪುರದಿಂದ ನಾವುಂದ ಬಹಳ ದೂರವಲ್ಲ. ಆ ದಿನ ಬಸ್ಸು ನಿಂತಲ್ಲಿ ಮತ್ತೆ ನಿಂತಂತೆ ತೋರುತ್ತಿತ್ತು. ಕಾಗದಗಳನ್ನು ಎಷ್ಟು ಸಲ ಚೀಲದಿಂದ ತೆಗೆದು ಒಳಗಿಟ್ಟೆನೋ ಲೆಕ್ಕವಿಲ್ಲ. ಬ್ರಹ್ಮಾವರದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ರೇವತಿ ಕಿಟಕಿಗೆ ಮುಖ ಮಾಡಿ ಕುಳಿತಿದ್ದಳು. ನಾನು ಕಮಲಾವತಿಯವರಿಗೆ ತಪ್ಪಿದ ಪುಟ ತೋರಿಸಿ ಒತ್ತು ಎಲ್ಲಿ ಅಡಗಿತೆಂದು ವಿವರಿಸಿದೆ. ಅವರು ಕಾಗದವನ್ನು ದೂರ ಹಿಡಿದು ನೋಡಿದರು.

“ಒತ್ತ್ ಅಂದ್ರೆ ಕಾಲಲ್ದಾ ಮಾಷ್ಟ್ರೆ? ಗುಳಿ ಒಳ್ಗಿಪ್ಪುದ್. ಕಾಲಿಲ್ದಿರೆ ಮಗ್ಗ ಎಲ್ ಆತ್ತ್?” ಎಂದರು.

ನಾವುಂದದ ಮನೆಯ ಯಜಮಾನಿಕೆ ಗಂಡಿನ ಅಜ್ಜಿ ಗುಲಾಬಿಯಮ್ಮನವರದು. ನನ್ನೊಡನೆ ಫೋನಿನಲ್ಲಿ ಮಾತಾಡಿದ್ದವರು ಅವರೇ. ಹಿಂದೆ ಅವರದೂ ಮಗ್ಗದ ಮನೆ; ಈಗ ಮಿ‌ಲ್ಲಿನ ಬಟ್ಟೆಯ ಅಂಗಡಿ. ಮೂವರನ್ನು ಕಂಡು ಕುರ್ಚಿ ತೋರಿಸಿದರು. ಚಾ ಬಂತು. ಯಾರೂ ಲೋಟ ಎತ್ತಲಿಲ್ಲ. ನಾನು ಎದ್ದು ನಿಂತು ಎರಡೂ ಕಾಗದಗಳನ್ನು ಅವರ ಮುಂದೆ ಹಿಡಿದು, ಬ್ರೌಸರು, ಡಬ್ಬಿ, ಎತ್ತರ ಎಂದು ಆರಂಭಿಸಿದೆ. ನನ್ನ ಸ್ವರ ನನಗೇ ಉಪನ್ಯಾಸದಂತೆ ಕೇಳಿಸಿತು.

ಗುಲಾಬಿಯಮ್ಮ ಕಣ್ಣು ಕಿರಿದು ಮಾಡಿ ಎರಡನ್ನೂ ನೋಡಿದರು. “ಎರ್ಡೂ ಒಂದೇ ಕಾಣ್ತಲೆ,” ಎಂದರು. “ನೀವೇ ಅಲ್ದೆ ಫೋನಂಗೆ ಮೂರ್ ಆಧಾರ ಇತ್ತ್ ಅಂದದ್ದ್? ಈಗ ಒತ್ತ್ ಹೋಯ್ತ್ ಅಂತ್ರಿ. ನಮ್ಮ ಅಂಗಡಿಯಂಗೆ ಅಳ್ತೆ ತಪ್ರೆ, ಕತ್ರಿ ತಪ್ಪ್ ಅಂಬುಕೆ ಆತ್ತಾ ಮಾರಾಯ್ರೆ?”

ನಾನು ಕಾಗದಗಳನ್ನು ಮಡಚಿದೆ.

“ಮಗ ಇದ್ರೆ ಇರ್ಲಿ. ಯಾರ್ ಮನೆಯಂಗೆ ಎಂತ ಇಲ್ಲೆ? ಹೇಳ್ಲಿಲ್ಲ ಅಂತ ಬೇಜಾರ್,” ಎಂದು ಅವರು ಕಮಲಾವತಿಯವರ ಕಡೆ ತಿರುಗಿದರು. “ಬ್ರಹ್ಮಾವರದಂಗೆ ಕೇಂಡ್ಸಿದೆ. ಆ ವರ್ಷ ನೀವ್ ಆರ್ ತಿಂಗ್ಳ್ ಊರಂಗೆ ಇರ್ಲಿಲ್ಲ ಅಂಬ್ರ್. ಹೌದಾ, ಅಲ್ದಾ?”

ಆಗ ನನಗೆ ಹೊಳೆಯಿತು. ಬರಿಯ ‘ಮಗ’ ಎಂಬ ಮಾತಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಪಕ್ಕದಲ್ಲಿ ಇಸವಿ ಇತ್ತು. ಆ ಇಸವಿಯನ್ನು ಹಿಡಿದುಕೊಂಡು ಹಳಬರ ನೆನಪಿನಲ್ಲಿ ಹುಡುಕಿದವರಿಗೆ ಆ ವರ್ಷ ಊರಿನಲ್ಲಿ ಇಲ್ಲದ ಒಂದು ಹುಡುಗಿ ಸಿಕ್ಕಿದ್ದಳು. ನಾಲ್ಕನೆಯ ಆಧಾರ.

ಕಮಲಾವತಿ ಸೆರಗು ಹೊದ್ದುಕೊಂಡು ನೆಟ್ಟಗೆ ಕುಳಿತರು.

“ಹೌದ್. ಮೂಲ್ಕಿ ಬದಿಗೆ ಹೋಯಿದ್ದೆ, ನೇಯುದ್ ಕಲೂಕೆ. ಅದ್ಕೂ ಮುಂಚೆ ನನ್ ಮದಿ ನಿಶ್ಚಯ ಆಯಿತ್ತ್. ಗಂಡಿನವ್ರೇ ಬಿಟ್ರ್ ಅಂತ ಊರಿಗೆಲ್ಲ ಗೊತ್ತಿತ್ತ್. ಅವ್ರ್ ಬಿಟ್ಟದ್ದಲ್ಲ ಅಮ್ಮ. ನಾನೇ ಬ್ಯಾಡ ಅಂದದ್ದ್.” ಒಂದು ಸಲ ರೇವತಿಯ ಕಡೆ ನೋಡಿದರು. “ಮದಿಗಂತ ಮಾಡ್ಸಿದ್ ಬಳಿ ಮಾರಿ ಮಗ್ಗ ತಕಂಡೆ. ಅಪ್ಪಯ್ಯಂಗೆ ತಲೆ ಎತ್ತುಕಾಯಿಲ್ಲೆ. ಗಂಡಿನವ್ರ್ ಬಿಟ್ರ್ ಅಂತ ಅವ್ರೇ ಹೇಳ್ಕಂಡ್ ತಿರ್ಗ್ರ್. ನಾನೂ ಹೌದಂದೆ. ಸಾಯುವರಿಗೂ ಆ ಮಾತ್ ಅವ್ರಿಗೆ ಉಳ್ಸಿ ಕೊಟ್ಟೆ. ಈಗ ನಿಮ್ಮೆದ್ರಂಗೆ ಕಳೀತ್.”

ನಾನು ನೆಲ ನೋಡುತ್ತಿದ್ದೆ. ಮಗ್ಗದ ಇಸವಿಯೂ ಮುರಿದ ಮದುವೆಯ ಇಸವಿಯೂ ಒಂದೇ; ಇಸವಿ ಬೇಡವೆಂದದ್ದು ಅದಕ್ಕೆ. ನಾನು ಅಂಟಿಸಿದ ಒಂದು ಸುಳ್ಳನ್ನು ತೊಳೆಯಲು ಅವರು ಅಷ್ಟು ವರ್ಷ ಕಾಪಾಡಿದ ನಿಜವನ್ನು ತೆರಬೇಕಾಗಿ ಬಂದಿತ್ತು.

“ಎಷ್ಟ್ ಬಳಿ?” ಎಂದರು ಗುಲಾಬಿಯಮ್ಮ.

“ನಾಲ್ಕ್.”

“ನಾಲ್ಕ್ ಬಳಿಗೆ ಮಗ್ಗ ಬತ್ತಿತ್ತಾ ಆಗ!” ಮುದುಕಿಯ ಮುಖದಲ್ಲಿ ಏನೋ ಸಡಿಲವಾಯಿತು. “ನಂಗೆ ಆರ್ ಇತ್ತ್ ಕಾಣಿ. ನಂಗೆ ಗಂಡ ಬಂದ.” ಅವರೇ ಮೊದಲು ನಕ್ಕರು. ಆಮೇಲೆ ರೇವತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, “ಹೆಣೆ, ನಿಂಗೆ ನಮ್ಮನಿ ಗಂಡ್ ಬೇಕಾ, ಮಗ್ಗ ಬೇಕಾ? ಈಗ್ಳೇ ಹೇಳ್,” ಎಂದರು. ರೇವತಿ ಕಣ್ಣೊರೆಸಿಕೊಳ್ಳುತ್ತಲೇ, “ಗಂಡೇ ಸಾಕ್,” ಎಂದಳು. ಆರಿದ ಚಾವನ್ನು ಒಳಗೆ ಕೊಂಡುಹೋಗಿ ಮತ್ತೆ ಬಿಸಿ ಮಾಡಿ ತಂದರು. ಮದುವೆಯ ದಿನವನ್ನು ಅಲ್ಲಿಯೇ ಗೊತ್ತು ಮಾಡಿದರು. ಆ ದಿನ ಯಾವುದೆಂದು ನನಗೆ ನೆನಪಿದೆ, ಬೇಡ.

ಹಿಂದಿರುಗುವಾಗ ಬಸ್ಸಿನಲ್ಲಿ ರೇವತಿ ಕೇಳಿದಳು: “ಅತ್ತೆ, ನಂಗಾದ್ರೂ ಎಂತಕೆ ಹೇಳ್ಲಿಲ್ಲ ನೀವ್?”

“ನೀ ಕೇಂಡಿದ್ಯಾ?” ಎಂದರು ಕಮಲಾವತಿ. ಹುಡುಗಿ ಅವರ ಹೆಗಲಿಗೆ ತಲೆಯಿಟ್ಟಳು.

ಕುಂದಾಪುರದಲ್ಲಿ ನಾವು ಇಳಿದೆವು. ಅವರಿಬ್ಬರೂ ಬ್ರಹ್ಮಾವರದ ಬಸ್ಸು ಹತ್ತಬೇಕಿತ್ತು. ಎಲ್ಲವೂ ಸುಖವಾಗಿ ಮುಗಿಯಿತೆಂಬ ಧೈರ್ಯದಲ್ಲಿ ನಾನು, “ನೋಡಿ, ಆ ಹೊಸ ಬ್ರೌಸರಿನಿಂದ ಎಷ್ಟು ತೊಂದರೆಯಾಯಿತು,” ಎಂದೆ. ಕಮಲಾವತಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

“ಒತ್ತ್ ತೆಗ್ದದ್ದ್ ಮಿಷಿನ್, ಮಾಷ್ಟ್ರೆ. ಇಸವಿ ಹಾಕದ್ದ್ ಯಾರ್?”

ಸಿಟ್ಟಿನಿಂದ ಕೇಳಲಿಲ್ಲ. ಉತ್ತರಕ್ಕೆ ಕಾಯಲೂ ಇಲ್ಲ. ಬಸ್ಸು ಹೊರಟಿತು.

ಅಲ್ಲಿಂದ ಮನೆಗೆ ಹೋಗಬೇಕಾದ ನಾನು ಶೈಲಜಾರ ಕೇಂದ್ರದ ಮೆಟ್ಟಿಲು ಹತ್ತಿದೆ. ಇಸವಿಯನ್ನು ನಾನೇ ಅಳಿಸಬೇಕೆಂದೆ. ಆಕೆ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅಲ್ಪವಿರಾಮವನ್ನೂ ಸೇರಿಸಿ ಐದು ಸಲ ಗುಂಡಿ ಒತ್ತಿದೆ. ನನ್ನ ಬದುಕಿನಲ್ಲಿ ಮೂರು ಆಧಾರವಿದ್ದ ಇಸವಿಯೊಂದನ್ನು ಅಳಿಸಿದ್ದು ಅದೇ ಮೊದಲು.

ರೇವತಿಯ ಮದುವೆಯಲ್ಲಿ ಕಮಲಾವತಿ ನನ್ನ ಕೈಗೆ ಒಂದು ಚೌಕುಳಿ ಬೈರಾಸು ಕೊಟ್ಟರು. ಮೊದಲು ಹೇಳಿದ ಬೈರಾಸು ಅದೇ. ಇದನ್ನೆಲ್ಲ ಬರೆಯಬಹುದೇ ಎಂದು ಕಳೆದ ವರ್ಷ ಬ್ರಹ್ಮಾವರಕ್ಕೆ ಹೋಗಿ ಕೇಳಿದೆ. ಗುಳಿಯನ್ನು ಮುಚ್ಚಿ ನೆಲಕ್ಕೆ ಹೊಸ ಟೈಲ್ಸ್ ಹಾಕಿದ್ದರು. ಅವರು ಅದರ ಮೇಲೆಯೇ ಕುರ್ಚಿ ಹಾಕಿ ಕುಳಿತಿದ್ದರು. “ಹೆಸ್ರ್ ಬದಲ್ಸಿ. ಬಾಕಿ ಎಂತ ಬೇಕಾರೂ ಬರಿನಿ,” ಎಂದರು. ಉಳಿದ ಒಂದು ಮಾತನ್ನು ಅವರು ಹೇಳಲಿಲ್ಲ, ನಾನೂ ಹೇಳಿಸಲಿಲ್ಲ.

ಈ ವರ್ಷಗಳಲ್ಲಿ ನನ್ನ ಓದುವ ಕ್ರಮ ಬದಲಾಗಿದೆ. ಯಾವುದೇ ಹಾಳೆ ಕೈಗೆ ಬಂದರೂ ಕಣ್ಣು ಈಗ ಅಂಕೆಗಳ ಕಡೆ ಹೋಗುವುದಿಲ್ಲ. ಮೊದಲು ಸಾಲಿನ ಕೆಳಗೆ ಹೋಗುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಫಲಕ, ಲಗ್ನಪತ್ರಿಕೆ, ಎಲ್ಲಿಯೇ ಆಗಲಿ ಒತ್ತುಗಳಿಗೆ ಜಾಗ ಉಂಟೋ ಇಲ್ಲವೋ ಎಂದು ನೋಡುತ್ತೇನೆ. ಇಲ್ಲದ ಕಡೆ ಒಂದು ಸಣ್ಣ ಭಯ ಮುಟ್ಟಿ ಹೋಗುತ್ತದೆ: ಇಲ್ಲಿ ಯಾರದು ಮುಚ್ಚಿಹೋಯಿತೋ, ಯಾರದು ತೆರೆದುಹೋಯಿತೋ.

ಹತ್ತನೆಯ ದಿನವಾದ ಇಂದು, ಗಂಜಿಯ ವಾಸನೆಯ ಬೈರಾಸನ್ನು ಬದಿಗೆ ಸರಿಸಿ ಆ ಸಂಶೋಧಕರಿಗೆ ಉತ್ತರ ಬರೆಯಲು ಕುಳಿತೆ. ‘ತಿಳಿದಿಲ್ಲ’ ಎಂದು ಬರೆದರೆ ಸುಲಭವಾಗಿ ಮುಗಿಯುತ್ತಿತ್ತು; ಅದು ಸುಳ್ಳು, ಪೆನ್ಸಿಲಿನಲ್ಲಿಯೂ ಬರೆಯಲಾಗಲಿಲ್ಲ. ಹಾಳೆಯ ಮೇಲೆ ಗೆರೆಗಳು ಹತ್ತಿರ ಹತ್ತಿರ ಇದ್ದವು. ಒಂದು ಗೆರೆ ಬಿಟ್ಟು, ಲಕಾರದ ಒತ್ತಿಗೆ ಬೇಕಾದಷ್ಟು ಜಾಗ ಉಳಿಯುವಂತೆ, ಶಾಯಿಯಲ್ಲಿ ನಿಧಾನವಾಗಿ ಬರೆದೆ: ‘ಇಸವಿಯನ್ನು ಬಲ್ಲೆ. ಬರೆಯಲಾರೆ.’